ಮೋಟಾರಿನ ಬಾಯಾರಿಕೆ

ಹಳೆಯ ಕಾರನ್ನು ಇಟ್ಟುಕೊಂಡ ಮನೆಗಳಲ್ಲಿ ಆಗಾಗ ಕೇಳಿಬರುವ ಮಾತೊಂದುಂಟು: ‘ನಮ್ಮ ಗಾಡಿ ಸ್ವಲ್ಪ ನೀರು ಕುಡಿಯುತ್ತದೆ, ಅದರ ಸ್ವಭಾವವೇ ಹಾಗೆ.’ ಹೀಗೆ ಹೇಳಿ, ಬೆಳಗಾಗುತ್ತಲೆ ಒಂದು ತಂಬಿಗೆ ನೀರನ್ನು ರೇಡಿಯೇಟರಿಗೆ ಸುರಿದು, ಮುಚ್ಚಳ ತಿರುವಿ ನಿಶ್ಚಿಂತರಾಗುತ್ತಾರೆ. ಈ ಮಾತಿನಲ್ಲಿ ಅಕ್ಕರೆಯುಂಟು, ಅಭ್ಯಾಸದ ಬಲವೂ ಉಂಟು. ಒಂದು ಕಾಲದಲ್ಲಿ ಅದು ಅಕ್ಷರಶಃ ಸತ್ಯವಾಗಿಯೂ ಇತ್ತು. ಆದರೆ ಆ ಕಾಲ ಕಳೆದುಹೋಯಿತು. ಮಾತು ಮಾತ್ರ ಉಳಿಯಿತು. ನೀರು ಕುಡಿಯುವುದು ಮೋಟಾರಿನ ಗುಣವಾಗಿದ್ದುದು ಹೇಗೆ, ಅದು ದೋಷವಾದುದು ಯಾವಾಗ ಎಂಬ ಕತೆಯನ್ನು ತಿಳಿದವರಿಗೆ, ತಮ್ಮ ಕಾರಿನ ನೀರು ಹೋಗುತ್ತಿರುವುದೆಲ್ಲಿಗೆ ಎಂದು ಹುಡುಕುವ ಕೆಲಸ ಅರ್ಧ ಮುಗಿದಂತೆಯೇ.

ಎಂಜಿನ್ನಿಗೆ ನೀರೇಕೆ ಬೇಕು? ಸಿಲಿಂಡರಿನೊಳಗೆ ಪೆಟ್ರೋಲಿನ ಆವಿ ಹೊತ್ತಿಕೊಂಡಾಗ ಅಲ್ಲಿನ ಉಷ್ಣತೆ ಕ್ಷಣಕಾಲ 2000 ಡಿಗ್ರಿ ಸೆಂಟಿಗ್ರೇಡನ್ನೂ ಮೀರುತ್ತದೆ. ಅಲ್ಯುಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಈ ಬೆಂಕಿಯಿಂದ ಹುಟ್ಟಿದ ಶಾಖದಲ್ಲಿ ಗಾಲಿಗೆ ಮುಟ್ಟುವುದು ಸಣ್ಣ ಪಾಲು. ದೊಡ್ಡದೊಂದು ಪಾಲು ಹೊಗೆಯೊಡನೆ ಹೊರಟುಹೋಗುತ್ತದೆ. ಇನ್ನುಳಿದುದರಲ್ಲಿ, ಸ್ಥೂಲವಾಗಿ ಮೂರನೆಯ ಒಂದು ಪಾಲು, ಲೋಹದ ಗೋಡೆಗೆ ಇಳಿಯುತ್ತದೆ. ಅದನ್ನು ಅಲ್ಲಿಂದ ಹೊತ್ತು ಸಾಗಿಸದಿದ್ದರೆ ಎಣ್ಣೆ ಸುಟ್ಟು, ಪಿಸ್ಟನ್ ಹಿಗ್ಗಿ, ಎಂಜಿನ್ನು ಬಿಗಿದುಕೊಂಡು ನಿಂತುಹೋಗುತ್ತದೆ. ಆ ಹೊರೆಯನ್ನು ಹೊರುವ ಕೂಲಿಯಾಳೇ ನೀರು.

ಮೊಟ್ಟಮೊದಲು ಈ ಕೂಲಿಯಾಳು ಒಮ್ಮೆ ಹೋದರೆ ಮರಳಿ ಬರುತ್ತಿರಲಿಲ್ಲ. ಜರ್ಮನಿಯ ಕಾರ್ಲ್ ಬೆನ್ಜ್ 1886ರಲ್ಲಿ ಪೇಟೆಂಟು ಪಡೆದ ಮೂರು ಗಾಲಿಯ ಗಾಡಿಯಲ್ಲಿ ಸಿಲಿಂಡರಿನ ಸುತ್ತ ನೀರಿನ ಕವಚವಿತ್ತು. ಇಂದಿನಂತಹ ರೇಡಿಯೇಟರು ಇರಲಿಲ್ಲ. ನೀರು ಕಾಯುತ್ತಿತ್ತು, ಕುದಿಯುತ್ತಿತ್ತು, ಆವಿಯಾಗಿ ಗಾಳಿಯಲ್ಲಿ ಸೇರಿಹೋಗುತ್ತಿತ್ತು. ಹಾಗೆ ಹೋಗುವಾಗಲೆ ಅದು ಶಾಖವನ್ನೂ ಒಯ್ಯುತ್ತಿತ್ತು. ಒಲೆಯ ಮೇಲಿನ ಪಾತ್ರೆಯಲ್ಲಿ ನೀರಿರುವ ತನಕ ತಳ ಸೀಯುವುದಿಲ್ಲವಷ್ಟೆ? ಇದೂ ಅಂತೆಯೇ. 1888ರ ಆಗಸ್ಟ್ ತಿಂಗಳಲ್ಲಿ ಬೆನ್ಜ್‌ನ ಪತ್ನಿ ಬೆರ್ತಾ ತನ್ನ ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮಿನಿಂದ ಪ್ಫೋರ್ಟ್ಸ್‌ಹೈಮಿಗೆ, ನೂರು ಕಿಲೋಮೀಟರಿಗೂ ಮೀರಿದ ದಾರಿಯನ್ನು ಈ ಬಗೆಯ ಗಾಡಿಯಲ್ಲಿ ಕ್ರಮಿಸಿದಳು. ವೀಸ್ಲೋಖ್ ಎಂಬ ಊರಿನ ಔಷಧಿಯಂಗಡಿಯಲ್ಲಿ ಆಕೆ ಇಂಧನ ಕೊಂಡ ಸಂಗತಿ ಪ್ರಸಿದ್ಧವಾಗಿದೆ. ಇಂಧನಕ್ಕಿಂತಲೂ ಹೆಚ್ಚು ಸಲ ಆಕೆ ಗಾಡಿಯನ್ನು ನಿಲ್ಲಿಸಬೇಕಾದುದು ನೀರಿಗಾಗಿ. ಆ ಗಾಡಿಯ ಮಟ್ಟಿಗೆ ನೀರು ಕಡಮೆಯಾಯಿತೆಂದರೆ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಆದರೆ ಎಂಜಿನ್ನಿನ ಬಲ ಹೆಚ್ಚಿದಂತೆ ಈ ಏರ್ಪಾಡು ಸಾಲದಾಯಿತು. ಕುದಿಸಿ ಕಳೆಯಲು ನೀರನ್ನು ಎಷ್ಟೆಂದು ಹೊರುವುದು? ಅದೇ ನೀರನ್ನು ತಣಿಸಿ ಮತ್ತೆ ಮತ್ತೆ ದುಡಿಸಿಕೊಳ್ಳಬೇಕೆಂಬ ವಿಚಾರ ಬಂದಿತು. ಇದರಲ್ಲಿ ದೊಡ್ಡ ಹೆಜ್ಜೆಯಿಟ್ಟವನು ವಿಲ್ಹೆಲ್ಮ್ ಮೈಬಾಖ್. ಆತ 1900ರಲ್ಲಿ ರೂಪಿಸಿ, 1901ರಲ್ಲಿ ಓಟದ ಕಣಕ್ಕಿಳಿದ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿನ ಮುಖಕ್ಕೆ ಜೇನುಗೂಡಿನಂಥ ರೇಡಿಯೇಟರೊಂದನ್ನು ಕೂರಿಸಿದ. ಆರು ಮಿಲಿಮೀಟರ್ ಅಗಲದ ಚಚ್ಚೌಕ ಕೊಳವೆಗಳು, ಒಟ್ಟು 8,070. ಕೊಳವೆಗಳೊಳಗೆ ಗಾಳಿ, ಅವುಗಳ ನಡುವಣ ಸಂದಿಯಲ್ಲಿ ನೀರು. ಹಿಂದಿನ ಬಗೆಯ ರೇಡಿಯೇಟರಿಗೆ ಬೇಕಾಗಿದ್ದುದರ ಅರ್ಧದಷ್ಟು ನೀರು, ಸುಮಾರು 9 ಲೀಟರು, ಇದಕ್ಕೆ ಸಾಕಾಯಿತು. ಅಂದಿನಿಂದ ನೀರು ಎಂಜಿನ್ನಿನ ಆಹಾರವಾಗಿರುವುದು ತಪ್ಪಿ, ಮೈಯಲ್ಲಿ ಸುತ್ತುವ ರಕ್ತದಂತಾಯಿತು. ಆದರೆ ಸಾವಿರಾರು ಬೆಸುಗೆಗಳಿರುವ ಕಡೆ ಸೋರಲು ಎಡೆಗಳೂ ಸಾವಿರಾರು. ಹೀಗೆ ನೀರು ಹೋಗುವ ಹೊಸ ಬಾಗಿಲೊಂದು ಅಂದೇ ತೆರೆಯಿತು.

ಮುಂದೆ ಬಂದುದು ಅಮೆರಿಕದ ಫೋರ್ಡ್ ‘ಟಿ’ ಮಾದರಿ. 1908ರಿಂದ 1927ರವರೆಗೆ ಇಂತಹ ಕಾರುಗಳು ಒಂದೂವರೆ ಕೋಟಿಗೂ ಮಿಗಿಲಾಗಿ ತಯಾರಾದವು. ಮೊದಲ ಎರಡೂವರೆ ಸಾವಿರದಷ್ಟು ಕಾರುಗಳನ್ನು ಬಿಟ್ಟರೆ ಉಳಿದವುಗಳಲ್ಲಿ ನೀರು ತಳ್ಳುವ ಪಂಪೇ ಇರಲಿಲ್ಲ. ಬಚ್ಚಲ ಹಂಡೆಯಲ್ಲಿ ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಕಾರಿನಲ್ಲಿಯೂ ನೀರು ಇದೇ ನಿಯಮದಂತೆ ತಾನಾಗಿಯೇ ಸುತ್ತುತ್ತಿತ್ತು. ಸರಳವಾದ ಏರ್ಪಾಡು, ಆದರೆ ಒಂದು ಕರಾರುಂಟು. ನೀರಿನ ಮಟ್ಟ ಮೇಲಿನ ಕೊಳವೆಯ ಬಾಯಿಗಿಂತ ಕೆಳಗಿಳಿಯಿತೆಂದರೆ ಸುತ್ತುವಿಕೆ ಒಮ್ಮೆಲೆ ನಿಲ್ಲುತ್ತದೆ. ಆದುದರಿಂದ ದಿನವೂ ನೀರು ನೋಡಿ ತುಂಬುವುದು ಆ ಕಾರಿನವನಿಗೆ ಕರ್ತವ್ಯವಾಗಿತ್ತು. 1912ರ ಸುಮಾರಿಗೆ ಬಾಯ್ಸ್ ಮೋಟೋಮೀಟರ್ ಎಂಬ ಉಷ್ಣಮಾಪಕವೊಂದು ಬಳಕೆಗೆ ಬಂದಿತು. ಅದನ್ನು ರೇಡಿಯೇಟರಿನ ಮುಚ್ಚಳದ ಮೇಲೆಯೇ ನಿಲ್ಲಿಸುತ್ತಿದ್ದರು. ಚಾಲಕ ಕುಳಿತಲ್ಲಿಂದಲೇ ಅದರ ಕೆಂಪು ಗೆರೆಯನ್ನು ನೋಡಬಹುದಾಗಿತ್ತು. ಎಂಜಿನ್ನಿನ ಜ್ವರವನ್ನು ಅಳೆಯುವ ಅಭ್ಯಾಸ ಜನರಿಗೆ ಹತ್ತಿದುದು ಹೀಗೆ.

ಪಂಪು ಸಾಮಾನ್ಯವಾದ ಮೇಲೆ ಇನ್ನೊಂದು ಬಾಗಿಲು ತೆರೆಯಿತು. ತಿರುಗುವ ದಂಡವು ನೀರಿನ ಕೋಣೆಯೊಳಗೆ ಹೋಗುವ ಕಡೆ ಹಳೆಯ ಪಂಪುಗಳಲ್ಲಿ ಗ್ರಾಫೈಟು ಸವರಿದ ದಾರವನ್ನು ಸುತ್ತಿ ಬಿಗಿಯುತ್ತಿದ್ದರು. ಅಲ್ಲಿ ಆಗೊಂದು ಈಗೊಂದು ಹನಿ ಬಿದ್ದರೆ ಯಾರೂ ಗಾಬರಿಯಾಗುತ್ತಿರಲಿಲ್ಲ. ಬಿರಡೆಯನ್ನು ಕೊಂಚ ಬಿಗಿಮಾಡಿದರೆ ಮುಗಿಯಿತು. ಆಮೇಲೆ ಇಂಗಾಲದ ಉಂಗುರವನ್ನು ಸ್ಪ್ರಿಂಗು ಒತ್ತಿಹಿಡಿಯುವ ಸೀಲು ಬಂದಿತು. ಅದು ಹನಿಯಲೇ ಕೂಡದು. ಹನಿದರೆ ಕಾಣಲೆಂದು ಪಂಪಿನ ತಳದಲ್ಲಿ ಒಂದು ಸಣ್ಣ ತೂತನ್ನೂ ಬಿಟ್ಟರು. ಅದೇ ಜಾಗ, ಅದೇ ಹನಿ. ಆದರೆ ಅರ್ಥ ಬೇರೆಯಾಯಿತು.

ಇದಾದ ಮೇಲೆ ಬಂದ ಎರಡು ಸಾಧನಗಳು ಚಿಕ್ಕವು, ಪರಿಣಾಮ ಮಾತ್ರ ದೊಡ್ಡದು. ಒಂದು ಥರ್ಮೋಸ್ಟಾಟು: ಎಂಜಿನ್ನು ಬೆಚ್ಚಗಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆದು, ಆಮೇಲೆ ತಾನಾಗಿಯೇ ತೆರೆದುಕೊಳ್ಳುವ ಬಾಗಿಲು. ಕರಗಿದಾಗ ಹಿಗ್ಗುವ ಮೇಣದ ಬಲದಿಂದ ನಡೆಯುವ ಥರ್ಮೋಸ್ಟಾಟನ್ನು 1930ರ ದಶಕದಲ್ಲಿ ಸರ್ಜಿಯಸ್ ವರ್ನೆ ಎಂಬಾತ ಅಮೆರಿಕದಲ್ಲಿ ರೂಪಿಸಿದ. ಇನ್ನೊಂದು ಒತ್ತಡದ ಮುಚ್ಚಳ. ಇದರ ತತ್ತ್ವ ನಮ್ಮ ಗೃಹಿಣಿಯರಿಗೆ ಹೊಸದೇನೂ ಅಲ್ಲ. ಮುಚ್ಚಿದ ಪಾತ್ರೆಯಲ್ಲಿ ಆವಿಯನ್ನು ಅದುಮಿಟ್ಟರೆ ನೀರು 100 ಡಿಗ್ರಿಗೆ ಕುದಿಯದೆ ಇನ್ನೂ ಮೇಲೇರುತ್ತದೆಂದು 1679ರಲ್ಲಿಯೇ ಡೆನಿ ಪಾಪೆನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನಿನಲ್ಲಿ ತೋರಿಸಿದ್ದ. ಅಡಿಗೆಮನೆಯ ಕುಕ್ಕರು ಅವನ ಪಾತ್ರೆಯ ಮೊಮ್ಮಗಳು. ಕಾರಿನ ರೇಡಿಯೇಟರಿಗೆ ಚದರಂಗುಲಕ್ಕೆ 7 ಪೌಂಡು ಒತ್ತಡವನ್ನು ತಡೆಯುವ ಮುಚ್ಚಳ ಹಾಕಿದರೆ, ಸಮುದ್ರಮಟ್ಟದಲ್ಲಿ ನೀರು ಕುದಿಯಲು ಸುಮಾರು 111 ಡಿಗ್ರಿ ಬೇಕಾಗುತ್ತದೆ. ಮುಚ್ಚಳವಿಲ್ಲದೆ ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. ಈ ಅಂತರವೇ ಎಂಜಿನ್ನಿಗೆ ದೊರೆತ ಉಸಿರು.

ನೀರಿನೊಡನೆ ಬೆರೆಸುವ ಗ್ಲೈಕಾಲ್ ದ್ರವದ ಕತೆಯೂ ಇಲ್ಲಿಯೇ ಸೇರುತ್ತದೆ. ಚಳಿದೇಶಗಳಲ್ಲಿ ನೀರು ಹೆಪ್ಪುಗಟ್ಟಿ ಎಂಜಿನ್ನನ್ನು ಸೀಳದಿರಲೆಂದು ಇದನ್ನು ಬಳಸತೊಡಗಿದರು; 1927ರಿಂದ ಪ್ರೆಸ್ಟೋನ್ ಎಂಬ ಹೆಸರಿನಲ್ಲಿ ಅದು ಅಮೆರಿಕದ ಪೇಟೆಗೆ ಬಂದಿತು. ಅದು ಕುದಿಯುವುದು 197 ಡಿಗ್ರಿಯಲ್ಲಿ. ಆದುದರಿಂದ ರೇಡಿಯೇಟರನ್ನು ಚಿಕ್ಕದು ಮಾಡಬಹುದೆಂದು ವಿಮಾನ ತಯಾರಕರೂ ಅದಕ್ಕೆ ಒಲಿದರು. ರೋಲ್ಸ್‌ರಾಯ್ಸ್ ಮರ್ಲಿನ್ ಎಂಜಿನ್ನಿಗೆ ಮೊದಲು ಬರೀ ಗ್ಲೈಕಾಲನ್ನೇ ತುಂಬಿದರು. ನೀರು ನುಸುಳದ ಕೀಲುಗಳಲ್ಲಿಯೂ ಅದು ನುಸುಳಿತು. ಬೆಂಕಿಯ ಭಯವೂ ಇತ್ತು. ಕಡೆಗೆ ನೂರಕ್ಕೆ 70 ಪಾಲು ನೀರು, 30 ಪಾಲು ಗ್ಲೈಕಾಲು ಬೆರೆಸಿ ಒತ್ತಡದಲ್ಲಿಡುವ ಕ್ರಮಕ್ಕೆ ಬಂದರು. ಎರಡನೆಯ ಮಹಾಯುದ್ಧದಲ್ಲಿ ಇಂತಹ ವಿಮಾನದ ರೇಡಿಯೇಟರಿಗೆ ಒಂದೇ ಗುಂಡು ತಾಗಿದರೂ ಸಾಕಾಗಿತ್ತು. ಹಿಂದೆ ಬಿಳಿಯ ಆವಿಯ ಬಾಲ ಕಾಣಿಸಿದ ಮೇಲೆ ಎಂಜಿನ್ನಿಗೆ ಉಳಿಯುತ್ತಿದ್ದುದು ಕೆಲವೇ ನಿಮಿಷಗಳ ಆಯುಷ್ಯ. ನೀರು ಹೋಗುವುದು ಎಷ್ಟು ದೊಡ್ಡ ವಿಷಯವೆಂದು ಆ ವೈಮಾನಿಕರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

1961ರಲ್ಲಿ ಫ್ರಾನ್ಸಿನಿಂದ ಬಂದ ರೆನೋ 4 ಕಾರಿನಲ್ಲಿ ಈ ಬೆಳವಣಿಗೆ ಒಂದು ಸುತ್ತು ಮುಗಿಸಿತು. ಕಾದು ಹಿಗ್ಗಿದ ನೀರು ರಸ್ತೆಗೆ ಚೆಲ್ಲದೆ ಪಕ್ಕದ ಸೀಸೆಗೆ ಹೋಗಿ, ತಣಿದಾಗ ಮರಳಿ ಬರುವಂತೆ ಅದರಲ್ಲಿ ಏರ್ಪಡಿಸಿದ್ದರು. ಇಂತಹ ಮುಚ್ಚಿದ ವ್ಯವಸ್ಥೆಯಲ್ಲಿ ನೀರು ತುಂಬುತ್ತಲೇ ಇರಬೇಕಾದ ಕಾರಣವೇ ಇಲ್ಲ.

ನಮ್ಮ ದೇಶದಲ್ಲಿ ಬಹುಕಾಲ ಓಡಿದ ಕಾರುಗಳು ಈ ಎರಡು ಯುಗಗಳ ಹೊಸಲಿನ ಮೇಲೆ ನಿಂತವು. ಅಂಬಾಸಿಡರ್ ಕಾರು 1950ರ ದಶಕದ ಕೊನೆಯಲ್ಲಿ ಹೊರಬಂದು 2014ರವರೆಗೆ ತಯಾರಾಯಿತು. ಅದರೊಡನೆ ಫಿಯಟ್ 1100 ಮತ್ತು ಅದರ ಮುಂದಿನ ಅವತಾರವಾದ ಪದ್ಮಿನಿ. ಈ ಪೀಳಿಗೆಯ ಹಳೆಯ ಕಾರುಗಳಲ್ಲಿ ಪಂಪೂ ಒತ್ತಡದ ಮುಚ್ಚಳವೂ ಉಂಟು; ಆದರೆ ಹಿಂದಿರುಗಿಸುವ ಸೀಸೆ ಸಾಮಾನ್ಯವಾಗಿ ಇಲ್ಲ. ಹೆಚ್ಚಾದ ನೀರು ಸಣ್ಣ ಕೊಳವೆಯಿಂದ ನೆಲಕ್ಕೆ ಬೀಳುತ್ತದೆ. ಆಗುಂಬೆ, ಚಾರ್ಮಾಡಿ ಘಟ್ಟಗಳನ್ನು ಹತ್ತಿದ ಬಸ್ಸು ಲಾರಿಗಳು ತೊರೆಯ ಬಳಿ ನಿಂತು ಡಬ್ಬದಲ್ಲಿ ನೀರು ಹೊಯ್ಯಿಸಿಕೊಂಡುದನ್ನು ಕಂಡ ಹಿರಿಯರು ಕಾರಿಗೂ ಅದನ್ನೇ ಅನ್ವಯಿಸಿದರು. ಘಟ್ಟದ ಮೇಲೆ ಕುದಿಯುವುದಕ್ಕೆ ಎತ್ತರ ಮುಖ್ಯ ಕಾರಣವಲ್ಲ. ಮೊದಲನೆಯ ಗೇರಿನಲ್ಲಿ ಎಂಜಿನ್ನು ಪೂರ್ತಿ ದುಡಿಯುತ್ತದೆ, ಗಾಡಿ ನಿಧಾನವಾದುದರಿಂದ ಗಾಳಿ ಸಾಲದು. ತುದಿ ಮುಟ್ಟಿ ಒಮ್ಮೆಲೆ ಎಂಜಿನ್ನನ್ನು ನಿಲ್ಲಿಸಿದರೆ ಪಂಪೂ ನಿಲ್ಲುತ್ತದೆ; ಕಾದ ಲೋಹ ನಿಂತ ನೀರನ್ನು ಕುದಿಸುತ್ತದೆ. ಎರಡು ಮೂರು ನಿಮಿಷ ಹಗುರವಾಗಿ ಓಡಲು ಬಿಟ್ಟು ಆಮೇಲೆ ನಿಲ್ಲಿಸುವುದು ಮೇಲು.

ಇನ್ನು ಹುಡುಕುವ ಕ್ರಮಕ್ಕೆ ಬರೋಣ. ಮೊದಲ ಪ್ರಶ್ನೆ: ನಿಜವಾಗಿಯೂ ನೀರು ನಷ್ಟವಾಗುತ್ತಿದೆಯೆ? 20 ಡಿಗ್ರಿಯ 10 ಲೀಟರು ನೀರು 90 ಡಿಗ್ರಿಗೆ ಕಾದರೆ ಮೂರನೆಯ ಒಂದು ಲೀಟರಿನಷ್ಟು ಹಿಗ್ಗುತ್ತದೆ. ಸೀಸೆಯಿಲ್ಲದ ಕಾರಿಗೆ ಬೆಳಗ್ಗೆ ಕಂಠಮಟ್ಟ ತುಂಬಿದರೆ ಅಷ್ಟು ನೀರು ಚೆಲ್ಲಲೇಬೇಕು. ಮರುದಿನ ‘ಕಡಮೆಯಾಗಿದೆ’ ಎಂದು ಮತ್ತೆ ತುಂಬಿದರೆ ಮತ್ತೆ ಚೆಲ್ಲುತ್ತದೆ. ಹೀಗೆ ಎಷ್ಟೋ ಕಾರುಗಳ ಬಾಯಾರಿಕೆ ಯಜಮಾನರ ಕೈಯಿಂದಲೇ ಹುಟ್ಟಿದ್ದು. ಒಂದಂಗುಲ ಕೆಳಗೆ ನಿಲ್ಲಿಸಿ, ಕೊಳವೆಗಳು ಮುಳುಗಿರುವುದನ್ನು ನೋಡಿಕೊಂಡು, ದಿನವೂ ತಣ್ಣಗಿರುವಾಗ ಕಡ್ಡಿಯಿಂದ ಅಳೆಯಿರಿ. ಮಟ್ಟ ಒಂದೇ ಕಡೆ ನಿಂತರೆ ರೋಗವಿಲ್ಲ.

ಮಟ್ಟ ಇಳಿಯುತ್ತಲೇ ಹೋದರೆ ಹೊರಗಿನ ಸೋರಿಕೆಯನ್ನು ಹುಡುಕಬೇಕು. ನೆಲ ಒಣಗಿದೆಯೆಂದು ನಂಬಬೇಡಿ. ಬಿಸಿ ಎಂಜಿನ್ನಿನ ಮೇಲೆ ಬಿದ್ದ ಹನಿ ನೆಲ ಮುಟ್ಟುವ ಮೊದಲೇ ಆರಿಹೋಗುತ್ತದೆ. ಆದರೆ ನೀರು ಹೋದರೂ ಅದರ ಹೆಜ್ಜೆ ಉಳಿಯುತ್ತದೆ: ಬಿಳಿಯ ಉಪ್ಪು, ತುಕ್ಕಿನ ಗೆರೆ, ಗ್ಲೈಕಾಲಿದ್ದರೆ ಹಸಿರು ಕಲೆ. ರಬ್ಬರು ಹೋಸಿನ ತುದಿಗಳು, ರೇಡಿಯೇಟರಿನ ಬೆಸುಗೆಯ ಅಂಚು, ಪಂಪಿನ ತಳದ ತೂತು, ಎಂಜಿನ್ನಿನ ಪಕ್ಕದ ಬಟ್ಟಲಿನಂಥ ತಗಡಿನ ಬಿರಡೆಗಳು, ಇವನ್ನು ದೀಪ ಹಿಡಿದು ನೋಡಬೇಕು. ಕಣ್ಣಿಗೆ ಸಿಗದಿದ್ದರೆ, ಮುಚ್ಚಳದ ಜಾಗದಲ್ಲಿ ಕೈಪಂಪು ಜೋಡಿಸಿ ಮುಚ್ಚಳಕ್ಕೆ ನಿಗದಿಯಾದಷ್ಟೇ ಒತ್ತಡ ಕೊಟ್ಟು ಹತ್ತು ನಿಮಿಷ ಮುಳ್ಳನ್ನು ಗಮನಿಸುವ ಸಾಧನ ಗ್ಯಾರೇಜುಗಳಲ್ಲಿ ಇರುತ್ತದೆ. ಮುಳ್ಳು ಇಳಿದರೆ ಎಲ್ಲಿಯೋ ದಾರಿಯಿದೆ.

ಮೂರನೆಯದು ಮುಚ್ಚಳ. ಅದರ ರಬ್ಬರು ಬಿರಿದಿದ್ದರೆ, ಸ್ಪ್ರಿಂಗು ಸೋತಿದ್ದರೆ ಕುಕ್ಕರಿನ ಗ್ಯಾಸ್ಕೆಟ್ಟು ಹೋದಂತೆಯೇ ಸರಿ. ನೀರು ಬೇಗನೆ ಕುದಿದು ಸಣ್ಣ ಕೊಳವೆಯಿಂದ ಹೊರಟುಹೋಗುತ್ತದೆ. ಅಲ್ಪ ಬೆಲೆಯ ಈ ವಸ್ತುವನ್ನು ನೋಡದೆ ಎಂಜಿನ್ನು ಬಿಚ್ಚಿಸಿದವರೂ ಉಂಟು.

ಇಷ್ಟಾದರೂ ಸುಳಿವು ಸಿಗದಿದ್ದರೆ ನೀರು ಒಳಗೇ ಹೋಗುತ್ತಿದೆಯೆಂದು ಶಂಕಿಸಬೇಕು. ಬ್ಲಾಕಿಗೂ ಹೆಡ್ಡಿಗೂ ನಡುವಣ ಗ್ಯಾಸ್ಕೆಟ್ಟು ತೆಳುವಾದ ಹಾಳೆ. ಬೆಂಕಿ, ಎಣ್ಣೆ, ನೀರು ಮೂರನ್ನೂ ಬೇರೆ ಬೇರೆಯಾಗಿ ಕಾಯುವ ಕಾವಲುಗಾರ. ಅದು ಬಿಟ್ಟುಕೊಟ್ಟರೆ ಓಡುವಾಗ ಸಿಲಿಂಡರಿನ ಅನಿಲ ನೀರಿಗೆ ನುಗ್ಗಿ, ಗುಳ್ಳೆಗಳೆದ್ದು, ನೀರನ್ನು ಹೊರದೂಡುತ್ತದೆ. ನಿಂತ ಮೇಲೆ ನೀರೇ ಸಿಲಿಂಡರಿಗೆ ಇಳಿಯುತ್ತದೆ. ಬೆಳಗ್ಗೆ ಎಂಜಿನ್ನು ಮುಗ್ಗರಿಸುತ್ತ ಎದ್ದು, ಚೆನ್ನಾಗಿ ಬಿಸಿಯಾದ ಮೇಲೂ ಬಿಳಿಹೊಗೆ ಬಿಡುತ್ತಲೇ ಇದ್ದರೆ ಅನುಮಾನ ಬಲವಾಗುತ್ತದೆ. ಹಾಗೆಂದು ಚಳಿಯ ಬೆಳಗಿನ ಮೊದಲ ಹೊಗೆಗೆ ಹೆದರಬೇಕಾಗಿಲ್ಲ. ಒಂದು ಲೀಟರು ಪೆಟ್ರೋಲು ಸುಟ್ಟಾಗ ಹೆಚ್ಚುಕಡಮೆ ಒಂದು ಲೀಟರು ನೀರೇ ಹುಟ್ಟುತ್ತದೆ. ಆ ಆವಿ ತಣ್ಣನೆಯ ಸೈಲೆನ್ಸರಿನಲ್ಲಿ ಬೆಳ್ಳಗೆ ಕಾಣುವುದು ಸಹಜ. ಎಣ್ಣೆಯ ಮುಚ್ಚಳದಡಿಯ ಕೊಂಚ ಬಿಳಿನೊರೆ ಬರೀ ಹತ್ತಿರದ ಓಡಾಟದಿಂದಲೂ ಬರಬಹುದು. ಆದರೆ ಅಳತೆಯ ಕಡ್ಡಿಯಲ್ಲಿಯೇ ಎಣ್ಣೆ ಹಾಲುಬೆರೆಸಿದ ಕಾಫಿಯಂತೆ ಕಂಡರೆ ಎಂಜಿನ್ನನ್ನು ಮತ್ತೆ ಚಾಲೂ ಮಾಡಬಾರದು. ಖಚಿತಮಾಡಿಕೊಳ್ಳಲು ನೀಲಿ ದ್ರವದ ಪರೀಕ್ಷೆಯೊಂದಿದೆ. ರೇಡಿಯೇಟರಿನ ಬಾಯಿಯಿಂದ ಎಳೆದ ಗಾಳಿಯನ್ನು ಅದರ ಮೂಲಕ ಹಾಯಿಸಿದಾಗ ನೀಲಿ ಹಳದಿಗೆ ತಿರುಗಿದರೆ, ಸುಟ್ಟ ಅನಿಲ ನೀರಿನಲ್ಲಿ ಸೇರಿದೆಯೆಂದು ತಿಳಿಯಬೇಕು.

ಹೀಗೆ ಹಂತಹಂತವಾಗಿ ನೋಡದೆ ನೀರು ತುಂಬುತ್ತಲೇ ಹೋದರೆ ಆಗುವುದೇನು? ಫಿಯಟ್ ಕಾರಿನ ಹೆಡ್ಡು ಅಲ್ಯುಮಿನಿಯಂ, ಬ್ಲಾಕು ಬೀಡುಕಬ್ಬಿಣ. ಕಾದಾಗ ಅಲ್ಯುಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಒಂದು ಸಲ ಮಿತಿಮೀರಿ ಕಾದರೆ ಹೆಡ್ಡು ಸೊಟ್ಟಗಾಗುತ್ತದೆ. ಸಿಲಿಂಡರಿನಲ್ಲಿ ನೀರು ನಿಂತಿರುವಾಗ ಎಂಜಿನ್ನು ತಿರುಗಿಸಿದರೆ ಕನೆಕ್ಟಿಂಗ್ ರಾಡು ಬಗ್ಗಬಹುದು. ಗಡಸಾದ ಕೊಳವೆಬಾವಿಯ ನೀರನ್ನು ಪದೇ ಪದೇ ಹೊಯ್ದರೆ ಸ್ನಾನದ ಹಂಡೆಗೆ ಕಟ್ಟುವಂಥ ಸುಣ್ಣದ ಪದರ ಒಳಗೂ ಕಟ್ಟುತ್ತದೆ. ದಾರಿಯಲ್ಲಿ ರೇಡಿಯೇಟರು ಸೋರಿದಾಗ ಅರಿಶಿನಪುಡಿ ಹಾಕಿ ಮನೆ ಸೇರುವ ಉಪಾಯ ನಮ್ಮ ಚಾಲಕರಿಗೆ ಗೊತ್ತು. ಮನೆ ಸೇರುವುದಕ್ಕೆ ಅದು ಆದೀತು, ಅದನ್ನೇ ಚಿಕಿತ್ಸೆಯೆಂದುಕೊಂಡರೆ ಸಣ್ಣ ಕೊಳವೆಗಳು ಮುಚ್ಚಿಹೋಗುತ್ತವೆ. ಉಷ್ಣಮಾಪಕದ ಮುಳ್ಳನ್ನೂ ಪೂರ್ತಿ ನೆಚ್ಚುವಂತಿಲ್ಲ. ನೀರು ತೀರಾ ಇಳಿದು ಅದರ ಮೊನೆ ಗಾಳಿಯಲ್ಲಿ ನಿಂತರೆ, ಎಂಜಿನ್ನು ಉರಿಯುತ್ತಿದ್ದರೂ ಮುಳ್ಳು ತಣ್ಣಗಿದೆಯೆಂದೇ ಹೇಳಬಹುದು.

ಯಂತ್ರಕ್ಕಿಂತ ಮನುಷ್ಯ ಹೆಚ್ಚು. ಕಾದ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆಗೆಯಬಾರದು. ಒತ್ತಡ ಹೋದ ಕ್ಷಣವೇ, 100 ಡಿಗ್ರಿ ಮೀರಿದ ನೀರು ಒಟ್ಟಿಗೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರಿಯುವುದುಂಟು. ಗ್ಲೈಕಾಲು ಸಿಹಿಯಾದ ವಿಷ. ಮಕ್ಕಳೂ ಸಾಕುನಾಯಿಗಳೂ ನೆಲಕ್ಕೆ ಚೆಲ್ಲಿದುದನ್ನು ಬಾಯಿಗಿಡದಂತೆ ಕೂಡಲೆ ತೊಳೆಯಬೇಕು.

ಬೆರ್ತಾ ಬೆನ್ಜ್‌ಳ ಗಾಡಿಗೆ ನೀರು ಕೊಟ್ಟವರು ಅದರ ಕೆಲಸಕ್ಕೆ ನೆರವಾದರು. ಒತ್ತಡದ ಮುಚ್ಚಳವಿರುವ ಕಾರಿಗೆ ಕಾರಣ ಹುಡುಕದೆ ನೀರು ಕೊಡುವವರು ಅದರ ರೋಗವನ್ನು ಸಾಕುತ್ತಾರೆ. ಕಾರಿನಲ್ಲಿ ಒಂದು ಪುಟ್ಟ ಪುಸ್ತಕವನ್ನಿಟ್ಟು, ನೀರು ಹಾಕಿದ ದಿನ, ಅಳತೆ, ಅಂದಿಗೆ ಓಡಿದ ದೂರ ಈ ಮೂರನ್ನು ಬರೆದಿಡಿ. ತಿಂಗಳೊಪ್ಪತ್ತಿನಲ್ಲಿ ಆ ಲೆಕ್ಕವೇ ಮೆಕ್ಯಾನಿಕ್ಕಿನ ಎದುರು ಅರ್ಧ ಸಾಕ್ಷ್ಯ ಹೇಳುತ್ತದೆ. ಉಳಿದರ್ಧವನ್ನು ಎಂಜಿನ್ನೇ ಹೇಳುತ್ತದೆ.